ನಾಲ್ಕು ತಾಸು

ತದಡಿಯಿಂದ ದೋಣಿ ಬಿಡುವಾಗ
ಎರಡು ಪೆಟ್ಟಿಗೆ ಎದುರುಬದುರು:
ಬೀರಮ್ಮ ಹರಿಕಂತ್ರಳದರಲ್ಲಿ ಬಂಗುಡೆ,
ನನ್ನದರಲ್ಲಿ ದಡಾರದ ಲಸಿಕೆ.
ಎರಡರೊಳಗೂ ಐಸು.
"ನಿಂದು ಎಷ್ಟೊತ್ತು ತಡೀತದೆ ಸಿಸ್ಟರೇ?"
ಮುಚ್ಚಿದ್ದರೆ ಸಂಜೆತನಕ. ಬಾಟಲಿ ಕಲಸಿದ ಮೇಲೆ
ನಾಲ್ಕೇ ತಾಸು.
"ಹಂಗಾರೆ ನನ್ನ ಬಂಗ್ಡೆಯೇ ವಾಸಿ,"
ಎಂದು ಕವಳ ಉಗುಳಿದಳು ಹೊಳೆಗೆ.

ಕುರ್ವೆಯ ಅಂಗನವಾಡಿಯಲ್ಲಿ
ಗೋಡೆಯ ಮೇಲೊಂದು ಗಿಳಿ, ತಿರುಗದ ಫ್ಯಾನು,
ಒಬ್ಬಳೇ ತಾಯಿ, ತೊಡೆಯ ಮೇಲೆ ಒಂದೇ ಮಗು.
ಉಳಿದವರೆಲ್ಲ ಇಳಿತದ ಹೊಳೆಯಲ್ಲಿ
ಸೊಂಟಮಟ್ಟ ನಿಂತು ಬಳಚು ಹೆಕ್ಕುತ್ತಿದ್ದಾರೆ;
ಮಕ್ಕಳು ಮರಳದಿಬ್ಬದಲ್ಲಿ ಬುಟ್ಟಿಗೆ ಕಾವಲು.
ಇಳಿತ ಯಾರ ಅಭಿಯಾನಕ್ಕೂ ಕಾಯುವುದಿಲ್ಲ.

ಹತ್ತು ಮಕ್ಕಳ ಬಾಟಲಿ.
ಒಂದು ಮಗುವಿಗಾಗಿ ಒಡೆಯಲೇ?
ಮೇಲಿನವರ ಪುಸ್ತಕದಲ್ಲಿ ಒಡೆ ಅಂತಲೇ ಇದೆ,
ಕೈಗೆ ಮಾತ್ರ ಲೆಕ್ಕದ ಚಟ.
ಹೋದ ಮಾರ್ಚಿನಲ್ಲಿ ಆಚೆ ದಂಡೆಯ ಒಂದು ಮನೆಯಲ್ಲಿ
ಬೇವಿನ ಸೊಪ್ಪು ಕಟ್ಟಿ
"ಅಮ್ಮ ಬಂದಾಳೆ, ಒಳಗೆ ಬರಬೇಡಿ" ಅಂದಿದ್ದರು.
ಬಾಗಿಲ ಸಂದಿಯಿಂದ ಆ ಹುಡುಗಿಯ ಕೆಂಡಗಣ್ಣು
ನನ್ನನ್ನೇ ನೋಡಿತ್ತು.
ಕೆಮ್ಮು ಮಾತ್ರ ಯಾರನ್ನೂ ಕೇಳದೆ ಹೊರಬಿದ್ದು
ಕೇರಿ ಸುತ್ತಲು ಹೋಗಿತ್ತು.

ಒಡೆದೆ.
ಬಾಟಲಿಯ ಮೇಲೆ ಬರೆದೆ: ಹತ್ತೂ ಇಪ್ಪತ್ತು.

ಮೀನು ಮಾರಲು ಬಂದ ಬೀರಮ್ಮ
ಕಿಟಕಿಗೆ ಮುಖವಿಟ್ಟು ನೋಡಿ
ಬುಟ್ಟಿ ಅಲ್ಲೇ ಇಳಿಸಿ ದಂಡೆಗೆ ನಡೆದಳು.
ಸಂತೆಯನ್ನೇ ಮುಳುಗಿಸುವ ಗಂಟಲು:
"ಏ ಸೋಮೀ! ಏ ಗಂಗೀ! ಬಾಟ್ಲಿ ಒಡೆದಾಗಿದೆ,
ಎರಡೂ ಇಪ್ಪತ್ತಕ್ಕೆ ಹಾಳಾಗ್ತದೆ, ಬನ್ನಿ!"
ವರ್ಷಗಟ್ಟಲೆ ನಾನು ವೈರಾಣು, ರೋಗನಿರೋಧಕ
ಎಂದೆಲ್ಲ ಹೇಳಿದ್ದೆ.
ಹಾಳಾಗುವುದು ಅಂದರೆ ಅವರಿಗೆ ಗೊತ್ತು.

ಬಂದರು. ಮೊಣಕಾಲವರೆಗೆ ಕೆಸರು,
ಚಿಪ್ಪು ಕೊಯ್ದ ಬೆರಳಲ್ಲೇ ಮಕ್ಕಳ ತೋಳು ಹಿಡಿದರು.
ಅತ್ತವು. ಒಂದು ಕಚ್ಚಿತು.
ಎಡ ಹೆಬ್ಬೆರಳಿಗೆ ಶಾಯಿ. ಒಂಬತ್ತು.

ಹತ್ತನೆಯದು ಕಡೇ ಮನೆ.
ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದ ಜಟ್ಟಪ್ಪ ತಲೆಯೆತ್ತದೆ
"ಮುಂದಿನ ಸಲ ನೋಡುವ" ಅಂದ.
ಎರಡೂ ಇಪ್ಪತ್ತು. ವಹಿಯಲ್ಲಿ ಬರೆದೆ: ವ್ಯರ್ಥ, ಒಂದು.
"ನನ್ನ ಉಳಿದ ಮೀನು ತೆಂಗಿನ ಬುಡಕ್ಕೆ," ಅಂದಳು ಬೀರಮ್ಮ,
"ನಿಂದು?"

ಭರತ ಏರುತ್ತಿತ್ತು. ದೋಣಿ ಹತ್ತುವಾಗ
ಜಟ್ಟಪ್ಪನ ಹುಡುಗ ಓಡಿ ಬಂದು
ಎಡ ಹೆಬ್ಬೆರಳು ಚಾಚಿದ:
"ನಂಗೂ ಶಾಯಿ."
ಪೆನ್ನು ಜೇಬಿನಲ್ಲೇ ಇತ್ತು.
ಮುಚ್ಚಳ ತೆಗೆಯಲಿಲ್ಲ.
ಬರುವ ಮಂಗಳವಾರ ಬೆಳಿಗ್ಗೆ ಭರತ,
ಯಾರೂ ಹೊಳೆಗಿಳಿಯುವುದಿಲ್ಲ, ಬರ್ತೇನೆ ಅಂದೆ.
ಯಾರಿಗೆ ಹೇಳಿದೆನೋ.

ನಡುಹೊಳೆಯಲ್ಲಿ ಬೀರಮ್ಮ
ಕರಗಿದ ಐಸನ್ನು ನೀರಿಗೆ ಸುರಿದಳು.
ನನ್ನದು ಪೆಟ್ಟಿಗೆಯೊಳಗೇ ಕುಲುಕುತ್ತಿತ್ತು.