ಹನ್ನೆರಡು ಎಲೆಯ ಲೆಕ್ಕ

ಸಗಾಯಮೇರಿ ಟೀಚರ್ ಮನೆಯ ಮೀಟರು
ಬಾಗಿಲ ಹಿಂದೆ, ಛತ್ರಿಗಳ ಮರೆಯಲ್ಲಿತ್ತು.
ಕೊನೆಯ ಸಲ ಓದಲು ಹೋದಾಗ,
ನಾನು ರಿಟೈರಾಗಲು ಆರು ದಿನವಿತ್ತು,
ತುಕ್ಕು ಹಿಡಿದ ಡಬ್ಬಿಯಲ್ಲಿ ಒಂದು ಸಸಿ ಕೊಟ್ಟರು:
"ಐರಿಸ್. ಹನ್ನೆರಡು ಶಿಷ್ಯರ ಗಿಡ ಅಂತೀವಿ ನಾವು.
ಹನ್ನೆರಡು ಎಲೆ ತುಂಬೋ ತನಕ
ಹೂ ಕೇಳಬೇಡಿ."

ಕೇಳಲಿಲ್ಲ.
ಆಂಡರ್ಸನ್‌ಪೇಟೆಯ ನನ್ನ ಹಿತ್ತಿಲಲ್ಲಿ
ನುಗ್ಗೆಮರ ಇದ್ದ ಜಾಗಕ್ಕೆ ನೆಟ್ಟೆ.

ನುಗ್ಗೆಯ ಕತೆ ಚಿಕ್ಕದು.
ಅದರ ಕಂಬಳಿಹುಳ ಗೋಡೆಯಾಚೆ ಉದುರಿ
ಮುನಿರತ್ನಮ್ಮನ ಸಂಡಿಗೆಯ ಮೇಲೆ ತೆವಳಿದವು.
ಅವಳೊಂದು ಮಾತು ಅಂದಳು, ನಾನು ಮೂರು.
ಮಾರನೆಯ ದಿನ ಕೊಡಲಿ ತಂದು
ಮರವನ್ನೇ ಉರುಳಿಸಿದೆ, ಅವಳು ನೋಡಲೆಂದೇ.
ಬೀಳುವಾಗ ಅದು ಗೋಡೆಯ ಐದಾರು ವರಸೆ ಇಟ್ಟಿಗೆ ಕೆಡವಿತು.
ಕಟ್ಟಿಸುವುದು ಯಾರೆಂದು
ನಾಲ್ಕು ವರ್ಷ ಇಬ್ಬರೂ ಕೇಳಲಿಲ್ಲ.

ಗೆಡ್ಡೆಯನ್ನು ಗೇಣುದ್ದ ಆಳಕ್ಕೆ ಹೂತಿದ್ದೆ.
ಅಪ್ಪ ಚಾಂಪಿಯನ್ ರೀಫಿನಲ್ಲಿ
ಎರಡು ಮೈಲಿ ನೆಲದೊಳಗೆ ಇಳಿದು ಹತ್ತಿದವನು,
ಮನೆತನದ ಕೈಗೆ ಆಳವೇ ಅಭ್ಯಾಸ.
ಕೊಳೆಯತೊಡಗಿತು.
ಕಿತ್ತು, ಮೆತ್ತಗಾದದ್ದನ್ನು ಕೊಯ್ದು, ಬೂದಿ ಸವರಿ
ಮೇಲೆ ಮೇಲೆ ಕೂರಿಸಿದೆ,
ಎಮ್ಮೆ ಕೆರೆಯಲ್ಲಿ ಕೂತ ಹಾಗೆ, ಬೆನ್ನು ಹೊರಗೆ.
ಆಮೇಲೆ ಮುನಿಸು ಬಿಟ್ಟಿತು.

ಎಂಟು ದಿನಕ್ಕೊಮ್ಮೆ ಬರುವ ನೀರಿನ ಟ್ಯಾಂಕರು.
ಹಾಗಾಗಿ ಅಕ್ಕಿ ತೊಳೆದ ನೀರು, ಒಂದು ಚೊಂಬು, ಸಂಜೆ.
ಮುಷ್ಟಿ ಬೇವಿನ ಹಿಂಡಿ.
ಆಷಾಢದ ಗಾಳಿಗೆ ಸೈನೈಡ್ ದಿಬ್ಬದ ಪುಡಿ ಹಾರಿ ಬಂದರೆ
ಹಳೇ ಬನಿಯನ್ನು ಒದ್ದೆ ಮಾಡಿ
ಒಂದೊಂದೇ ಎಲೆ ಒರೆಸುತ್ತಿದ್ದೆ,
ಮೀಟರಿನ ಗಾಜು ಒರೆಸುವ ಹಾಗೆ.

ಓದುವ ಚಟವೂ ಹೋಗಲಿಲ್ಲ.
ಪ್ರತಿ ಹತ್ತನೇ ತಾರೀಕು ಕ್ಯಾಲೆಂಡರಿನಲ್ಲಿ ಬರೆದೆ:
ನಾಲ್ಕು. ನಾಲ್ಕು. ಐದು.
ಬಸವನಹುಳ ಮೇಯ್ದ ತಿಂಗಳು, ಮತ್ತೆ ನಾಲ್ಕು.
"ಡೋರ್ ಲಾಕ್ ಅಂತ ಬರೀರಿ," ಎಂದು
ನಾಗವೇಣಿ ನಕ್ಕಳು.

ಹೂ ಬಿಟ್ಟದ್ದು ಹನ್ನೊಂದಕ್ಕೇ.
ಟೀಚರಿಗೆ ಫೋನು ಮಾಡಿದೆ, ಲೆಕ್ಕ ತಪ್ಪಿದೆ ಅಂತ.
ಅವರು ಸ್ವಲ್ಪ ಯೋಚಿಸಿ,
"ಯೂದನನ್ನು ಬಿಟ್ಟು ಎಣಿಸಿರಬೇಕು," ಅಂದರು.

ಹೊರಗೆ ಮೂರು ಬಿಳಿ ದಳ, ಅಂಗೈಯಗಲ.
ಒಳಗೆ ಮೂರು, ಮಸಿ ಕುಡಿದ ಹಾಗೆ ನೀಲಿ,
ತುದಿ ಹಿಂದಕ್ಕೆ ಸುರುಳಿ.
ಗಂಟಲಲ್ಲಿ ಕಂದು ಗೆರೆ, ಯಾರೋ ಪೆನ್ನು ಗೀಚಿ ನೋಡಿದಂತೆ.
ನಾಗವೇಣಿ ತಂಗಿಯ ಬಾಣಂತನಕ್ಕೆ ಮುಳಬಾಗಿಲಿಗೆ ಹೋಗಿದ್ದಳು.
ನೋಡು ಅನ್ನಲು ಮನೆಯಲ್ಲಿ ಜನವಿಲ್ಲ.
ಗೋಡೆಯ ಹತ್ತಿರ ನಿಂತು ಕೆಮ್ಮಿದೆ,
ಬೇಕಾದ್ದಕ್ಕಿಂತ ಜೋರಾಗಿ.
ಆಚೆ ಪೊರಕೆಯ ಸದ್ದು ನಿಂತಿತು.
ಬಹಳ ಹೊತ್ತು ನಿಂತೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಹೂವು
ಹಿಂಡಿದ ಕರವಸ್ತ್ರ.
ಅಷ್ಟೇ ಅದರ ಆಯುಸ್ಸು.

ಆದರೆ ಹೂ ಬಿದ್ದ ಗಿಣ್ಣಿನಲ್ಲಿ ಮರಿ ಮೂಡಿತು.
ಮರಿ ತೂಗಿ ತೂಗಿ ದಂಟು ಬಾಗಿತು.
ನನ್ನ ಕಡೆ ಇಷ್ಟು ಹಸನು ಮಾಡಿದ ಮಣ್ಣಿರಲು
ಇಟ್ಟಿಗೆ ಬಿದ್ದ ಸಂದಿನಲ್ಲಿ ತಲೆ ಹಾಕಿ
ಆಚೆಗೆ ಹೋಗಿ ಮಲಗಿತು.
ಎಳೆದು ತರಲು ಕತ್ತರಿ ಹಿಡಿದು ಹೋದವನು
ಬಗ್ಗಿ ನೋಡಿದೆ:

ದಂಟು ಅಲ್ಲಾಡದ ಹಾಗೆ ಅದರ ಮೇಲೆ
ನಮ್ಮ ಗೋಡೆಯದೇ ಒಂದು ಅರ್ಧ ಇಟ್ಟಿಗೆ.
ಮರಿಯ ಸುತ್ತ ಬೆರಳಲ್ಲಿ ಕೆರೆದ ಪಾತಿ.
ನೀರು ಇನ್ನೂ ಇಂಗಿರಲಿಲ್ಲ.

ಬೇರು ಹಿಡಿಯುವ ತನಕ ಬಳ್ಳಿ ಕೊಯ್ಯಬಾರದು
ಅಂತ ಟೀಚರ್ ನನಗೆ ಹೇಳಿದ್ದರು.
ಅವಳಿಗೆ ಯಾರು ಹೇಳಿದರೋ.
ಕತ್ತರಿ ಜೇಬಿಗಿಟ್ಟೆ.

ಹತ್ತನೇ ತಾರೀಕು.
ಸಂದಿಯಲ್ಲಿ ಕತ್ತು ತೂರಿಸಿ ಎಣಿಸುತ್ತಿದ್ದೆ.
ಅಡುಗೆಮನೆಯ ಕಿಟಕಿಯಿಂದ ದನಿ ಬಂತು,
"ಎಷ್ಟು ಬಂತು ರೀಡಿಂಗು?"

ಮೂರು, ಅಂದೆ.
ನಾಲ್ಕನೆಯದು ತುದಿ ಹಾಕಿತ್ತು.
ಪಾಯಿಂಟುಗಳನ್ನು ನಾವು ಬಿಲ್ಲಿಗೆ ಬರೆಯುವುದಿಲ್ಲ.