ರಫ್ತು

ಚಿಲೋಯೆ ದ್ವೀಪದಲ್ಲಿ ಗಾಳಿಗೆ ಕಂಬ ವಾಲಿದರೆ
ಕರೆಂಟು ಹೋಗುತ್ತದೆ. ಅದರಲ್ಲೇನೂ ವಿಶೇಷವಿಲ್ಲ.
ಜನರೇಟರು ಕೆಮ್ಮುತ್ತದೆ, ಬಲ್ಬು ಮಿಣುಕುತ್ತದೆ,
ಸಾಲ್ಮನ್ ಮರಿಮನೆಯ ಮೂಲೆಯ ಹಳೇ ಲಿನಕ್ಸ್ ಪೆಟ್ಟಿಗೆ
ಕಣ್ಣುಜ್ಜಿಕೊಂಡು ಏಳುತ್ತದೆ.
ಏಳುತ್ತದೆ, ಆದರೆ
ತೊಟ್ಟಿಗಳಿಗೆ ಉಸಿರೂದುವ ಬ್ಲೋವರನ್ನು ಎಬ್ಬಿಸುವುದಿಲ್ಲ.

ಈ ತಿಂಗಳಲ್ಲಿ ಮೂರನೇ ಸಲ.
ಉಲಿಸೆಸ್ ಬಾರಿಯಾ ಟಾರ್ಚು ಹಿಡಿದು ಓಡಿ ಬಂದ:
‘ಎದೆಲ್ಮಿರಾ, ಮರಿಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ.’
ಲಾಗಿನ್ ಆದೆ. ಅದೇ ಸ್ಕ್ರಿಪ್ಟನ್ನು ಕೈಯಾರೆ ಓಡಿಸಿದೆ.
ಗುಂಯ್ ಎಂದಿತು ಬ್ಲೋವರು,
ಡಾಕ್ಟರ ಎದುರು ಕೂತೊಡನೆ
ಕೆಮ್ಮು ಮರೆತ ರೋಗಿಯ ಹಾಗೆ.

ನಾನಿದ್ದರೆ ಸರಿ, ನಾನಿಲ್ಲದಿದ್ದರೆ ಇಲ್ಲ.
ಮನುಷ್ಯರು ಈ ಮಾತು ಹೇಳಿದರೆ ಒಳಗೊಳಗೇ ಹಿಗ್ಗುವವಳು ನಾನು.
ಯಂತ್ರ ಹೇಳಿದಾಗ ಬೆನ್ನು ತಣ್ಣಗಾಯಿತು.

ಮೊದಲು ಸಿಕ್ಕಿದ್ದು ಉದ್ಧರಣ ಚಿಹ್ನೆ.
ಎಸ್ತೆರೊ ಲಾರ್ಗೊ, ನಮ್ಮ ದೊಡ್ಡ ತೊಟ್ಟಿಯ ಹೆಸರು,
ಬೇಲಿಯಿಲ್ಲದೆ ಬಿದ್ದಿತ್ತು ವರದಿಯ ಸಾಲಿನಲ್ಲಿ;
ನಡುವಿನ ಖಾಲಿ ಜಾಗಕ್ಕೆ ಸರಿಯಾಗಿ ಸೀಳಿ
ಎಸ್ತೆರೊ ಬೇರೆ, ಲಾರ್ಗೊ ಬೇರೆ.
ಸರಿಪಡಿಸಿದೆ. ಬೀಗಿದೆ. ಮಾತೆ ಹೀರುತ್ತ
ಮೇನ್ ಸ್ವಿಚ್ಚು ಇಳಿಸಿ ಏರಿಸಿದೆ.
ನಿಶ್ಶಬ್ದ.
ತಪ್ಪು ತಪ್ಪೇ, ಆದರೆ ಈ ತಪ್ಪಲ್ಲ.

ಆಮೇಲೆ ನನ್ನದೆಂಬುದನ್ನೆಲ್ಲ ಕಳಚಿ ಓಡಿಸಿದೆ:
ಮನೆ ಯಾವುದೆಂದು ಗೊತ್ತಿಲ್ಲ, ಭಾಷೆ ಯಾವುದೆಂದು ಗೊತ್ತಿಲ್ಲ,
ಊರಿನ ಗಂಟೆ ಎಷ್ಟೆಂದು ಗೊತ್ತಿಲ್ಲ,
ಬೂಟ್ ಆಗುವ ಗಳಿಗೆಯಲ್ಲಿ ಪೆಟ್ಟಿಗೆ ಎದ್ದು ಕೂರುವ
ಆ ಬರಿಮೈಯಲ್ಲಿ.
ಸೋತಿತು!
ನನ್ನ ಕಣ್ಣೆದುರೇ, ನಾನಿದ್ದೂ, ಸೋತಿತು.
ಉಲಿಸೆಸ್‌ನ ಬೆನ್ನಿಗೆ ಗುದ್ದಿ ನಕ್ಕೆ.
ಅವನ ಬಕೆಟ್ಟಿನಲ್ಲಿ ಸತ್ತ ಮರಿಗಳಿದ್ದವು. ನಗು ನುಂಗಿಕೊಂಡೆ.

ಸ್ಕ್ರಿಪ್ಟನ್ನು ಕೇಳಿದೆ: ಪ್ವೆರ್ತೊ ಗೊತ್ತೆ,
ಬ್ಲೋವರಿನ ತಂತಿ ಸೇರುವ ಆ ಬಂದರು?
ಗೊತ್ತು, ಎಂದು ಅಕ್ಷರ ತಪ್ಪದೆ ಒಪ್ಪಿಸಿತು.
ಅದು ಹೆತ್ತ ಪ್ರೋಗ್ರಾಮನ್ನು ಕೇಳಿದೆ.
ಖಾಲಿ ಸಾಲು.
ಚರ ಎಂದು ಹೆಸರು ಅದಕ್ಕೆ, ಆದರೆ
ತಾಯಿಯ ಹೊಸ್ತಿಲು ದಾಟಿಲ್ಲ.

ಹಾಗಿದ್ದರೆ ನಾನು ಓಡಿಸಿದಾಗ ದಾಟಿದ್ದು ಹೇಗೆ?

ಕಂಕುಳಲ್ಲಿ ಕೂಸು, ಊರೆಲ್ಲ ಡಂಗುರ.
ನನ್ನದೇ ಪ್ರೊಫೈಲ್ ಕಡತ, ಹನ್ನೊಂದನೇ ಸಾಲು:
ನಾಲ್ಕು ವರ್ಷದ ಕೆಳಗೆ, ಕೆಲಸ ಕಲಿಯುವ ವಾರ,
‘ಸದ್ಯಕ್ಕೆ’ ಎಂದು ಷರಾ ಬರೆದು
ಅದೇ ಹೆಸರನ್ನು ಎಕ್ಸ್‌ಪೋರ್ಟ್ ಮಾಡಿಟ್ಟಿದ್ದೆ.
ಅಂದಿನಿಂದ ನಾನು ಲಾಗಿನ್ ಆದಾಗಲೆಲ್ಲ
ಆ ಹೆಸರಿಗೊಂದು ರಹದಾರಿ ನನ್ನ ಜೇಬಿನಲ್ಲೇ ಇರುತ್ತಿತ್ತು.
ಸ್ಕ್ರಿಪ್ಟಿಗೆ ಅದನ್ನು ಕೊಡಬೇಕಾಗಿ ಬಂದದ್ದೇ ಇಲ್ಲ,
ಹಳೇ ಪೆಟ್ಟಿಗೆಯ ಮೇಲೆ ಅದನ್ನು ನಾನೇ ಎಬ್ಬಿಸುತ್ತಿದ್ದ ಕಾಲದಲ್ಲಿ;
ಹೋದ ತಿಂಗಳು, ತಾನೇ ಏಳಲಿ ಎಂದು
ಬೂಟಿಗೆ ಕಟ್ಟಿದವಳೂ ನಾನೇ.

ವಾರಕ್ಕೆ ಎರಡು ಲಾರಿ ಮೀನು ರಫ್ತು ಮಾಡುವ ಈ ಕಂಪನಿಯಲ್ಲಿ
ರಫ್ತಾಗದೆ ಉಳಿದದ್ದು ಒಂದೇ ಒಂದು ಹೆಸರು.

ಸ್ಕ್ರಿಪ್ಟಿನಲ್ಲಿ ಒಂದು ಪದ ಸೇರಿಸಿದೆ.
ನನ್ನ ಕಡತದ ಹನ್ನೊಂದನೇ ಸಾಲು ಅಳಿಸಿದೆ;
ಕೀಲಿ ಒತ್ತುವಾಗ ಬೆರಳು ಕೊಂಚ ತಡೆಯಿತು.
ಲಾಗ್ಔಟ್ ಆದೆ. ಹೊರಗೆ ಬಂದು ಬಾಗಿಲು ಎಳೆದುಕೊಂಡೆ.
‘ಇಳಿಸು,’ ಎಂದೆ.
ಉಲಿಸೆಸ್ ಸ್ವಿಚ್ಚು ಇಳಿಸಿದ. ಏರಿಸಿದ.
ಕತ್ತಲಲ್ಲಿ ಎಣಿಸುತ್ತ ನಿಂತೆವು, ಅವನು ಜೋರಾಗಿ, ನಾನು ಮನಸ್ಸಿನಲ್ಲಿ.
ಮೂವತ್ತೊಂಬತ್ತಕ್ಕೆ
ಗೋಡೆಯಾಚೆ ನೀರು ಕುದಿಯುವಂಥ ಸದ್ದು.

ಪಾಳಿ ಪುಸ್ತಕ ತೆರೆದೆ.
ನಷ್ಟ: ಇನ್ನೂರ ಹದಿನಾರು ಮರಿ.
ಕಾರಣ ಎಂಬ ಕಾಲಂ ಬೆರಳಗಲವೂ ಇಲ್ಲ.
ಗಾಳಿ, ಎಂದು ಬರೆದಿದ್ದೆ ಕಳೆದ ಎರಡು ಸಲ.
ಹೊಡೆದು ಹಾಕಿ
ಎದೆಲ್ಮಿರಾ ನವೆಲ್ಕಿನ್ ಎಂದು ಬರೆದೆ,
ಜಾಗ ಸಾಲದೆ ಕೊನೆಯ ಅಕ್ಷರ ಅಂಚಿಗೆ ಏರಿತು.
ಉಲಿಸೆಸ್ ಹೊರಗೆ ಬಕೆಟ್ಟು ತೊಳೆಯುತ್ತಿದ್ದ.