ಕಡಲೆಕಾಳಿನಷ್ಟು

ತಪ್ಪು ನನ್ನದೇ.
ಗಂಟಲಿಗೆ, ಹಲ್ಲಿಗೆ, ಏಡಿ ಕಚ್ಚಿದ್ದಕ್ಕೆ
ನನ್ನ ಅವ್ವಿಗೆ ಗೊತ್ತಿದ್ದ ಮದ್ದು ಒಂದೇ.
ಅದನ್ನೇ ಹೇಳಿದೆ ಮಗಳಿಗೆ:
ಒಂದು ಮುಷ್ಟಿ ಉಪ್ಪು ಕರಗಿಸು ತಂಗೀ,
ತಿಕ್ಕಿ ತೊಳೆ, ಮೊಡವೆ ಒಣಗುತ್ತದೆ.

ಸಾಣಿಕಟ್ಟದಲ್ಲಿ ಉಪ್ಪಿಗೇನು ಬರ.
ಮೂರನೆಯ ದಿನ ಅವಳ ಕೆನ್ನೆ
ಬೆಂದ ಶೆಟ್ಲಿಯ ಹಾಗೆ ಕೆಂಪಗಿತ್ತು.
ಎಣ್ಣೆಯೂ ಜಿನುಗುತ್ತಿತ್ತು, ಉರಿಯೂ ಇತ್ತು;
ಎರಡೂ ಒಂದೇ ಮುಖದಲ್ಲಿ ಹೇಗೆ
ನನಗೆ ತಿಳಿಯಲಿಲ್ಲ.
ಅವಳು ಬೈಯಲಿಲ್ಲ. ಕನ್ನಡಿಯನ್ನು
ಮೊಳೆಯಿಂದ ಇಳಿಸಿ ಗೋಡೆಗೆ ಮುಖ ಮಾಡಿಟ್ಟಳು.
ಆ ವಾರ ಪೂರ್ತಿ ನಾನು ಗಡ್ಡ ಹೆರೆದುಕೊಂಡದ್ದು
ಬೈಕಿನ ಕನ್ನಡಿಯಲ್ಲಿ.

ಮದ್ದು ಹೇಳದವರು ಯಾರು.
ಪಕ್ಕದ ಮನೆಯ ತುಳಸು: ಟೂತ್‌ಪೇಸ್ಟು.
ಬಸ್ಸಿನ ಕಂಡಕ್ಟರ್: ನಿಂಬೆಹುಳಿ.
ಅವಳ ಅವ್ವಿ: ತಲೆಗೆ ಇನ್ನಷ್ಟು ತೆಂಗಿನೆಣ್ಣೆ, ತಂಪಿಗೆ.
ನನ್ನ ತಮ್ಮ ಗೋವೆಯಿಂದ ತಂದ ಟ್ಯೂಬು
ಹದಿನೈದು ದಿನ ಹಾಲಿನಂತೆ ಬೆಳಗಿಸಿ
ಹದಿನಾರನೆಯ ದಿನ ಎಲ್ಲವನ್ನೂ
ಬಡ್ಡಿ ಸಮೇತ ವಾಪಸು ಕೊಟ್ಟಿತು.
ಮೀನು ಬಿಡಿಸಿ ಎಂದರು ಯಾರೋ.
ಮೀನು ಬಿಟ್ಟು ನಾವು ತಿನ್ನುವುದೇನು?

ಪರೀಕ್ಷೆಯ ಫೋಟೋಕ್ಕೆ ಗೋಕರ್ಣಕ್ಕೆ ಕರೆದೊಯ್ದೆ.
ಸ್ಟುಡಿಯೋದವ ಕೇಳದೆಯೇ
ಮೌಸು ಎರಡು ಸಲ ಒತ್ತಿ ಒರೆಸಿಹಾಕಿದ.
ಎಂಟು ಫೋಟೋ, ಎಂಟೂ ಹೊಸ ಮಡಕೆಯಷ್ಟು ನುಣ್ಣಗೆ.
ಬಸ್‌ಸ್ಟ್ಯಾಂಡಿನಲ್ಲಿ ಕೂತು, ತಿರುಗಿಸಿ ತಿರುಗಿಸಿ ನೋಡಿ
ಕೇಳಿದಳು: ಅಪ್ಪಾ, ಇದ್ಯಾರು?

ಮರುದಿನ ಕೆಲಸ ಬಿಟ್ಟು
ಕುಮಟೆಯ ಬಸ್ಸು ಹತ್ತಿದೆವು.

ಡಾಕ್ಟರಮ್ಮ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು.
ಯೋಗಿತಾ ಕಣ್ಣು ಮುಚ್ಚಿಕೊಂಡಳು,
ಚಿಕ್ಕವಳಿದ್ದಾಗ ತಲೆಗೆ ನೀರು ಹೊಯ್ದರೆ
ಮುಚ್ಚಿಕೊಳ್ಳುತ್ತಿದ್ದ ಹಾಗೆ.
ಉಪ್ಪು ಹಚ್ಚಲು ಹೇಳಿದ್ದು ಯಾರು?
ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

ತಿಕ್ಕಬೇಡ. ಹಿಂಡಬೇಡ.
ದಿನಕ್ಕೆ ಎರಡು ಸಲ, ಬರೀ ಬೆರಳ ತುದಿಯಲ್ಲಿ ತೊಳಿ.
ತಲೆಯ ಎಣ್ಣೆ ಹಣೆಗೆ ಇಳಿಯದಿರಲಿ.
ರಾತ್ರಿ ಈ ಮುಲಾಮು, ಇಡೀ ಮುಖಕ್ಕೆ ಸೇರಿ
ಕಡಲೆಕಾಳಿನಷ್ಟು. ಮೊದಮೊದಲು ದಿನ ಬಿಟ್ಟು ದಿನ.
ಬಿಸಿಲಿಗೆ ಹೋಗುವ ಮುಂಚೆ ಇದು.
ಮೂರು ತಿಂಗಳು ಕಾಯಬೇಕು.
ಕಲೆಗಳಾ? ನಿಧಾನಕ್ಕೆ ಹೋಗುತ್ತವೆ.
ಕೆಲವು ಉಳಿಯಲೂಬಹುದು.

ಕಡಲೆಕಾಳಿನಷ್ಟು!
ಮೂವತ್ತು ವರ್ಷ ಹಲಗೆಯಲ್ಲಿ ಉಪ್ಪೆಳೆದು
ಗೋಣಿಚೀಲದಲ್ಲಿ ಅಳೆದವನು ನಾನು.
ಆದರೆ ಮೂರು ತಿಂಗಳು ಗೊತ್ತು ನನಗೆ.
ಮಣ್ಣು ತುಳಿದು ಹದ ಮಾಡಿ, ನೀರು ಕಟ್ಟಿ
ಸುಮ್ಮನೆ ಕೂರುವುದು ಗೊತ್ತು.
ಹರಳು ಕಟ್ಟುವ ಮುಂಚೆ ಆತುರದವನೊಬ್ಬ
ಆಗರಕ್ಕೆ ಕಾಲಿಟ್ಟರೆ
ಆ ಹಿಮ್ಮಡಿಯ ಗುಳಿ ಮಳೆ ಬೀಳುವ ತನಕ ಅಲ್ಲೇ.
ಇಷ್ಟನ್ನು ಬಸ್ಸಿನಲ್ಲಿ ಹೇಳಿದೆ.
ನಿಂಗೆ ಎಲ್ಲಾದಕ್ಕೂ ಉಪ್ಪೇ ಅಪ್ಪಾ
ಎಂದು ಕಿಟಕಿಗೆ ತಿರುಗಿದಳು.
ಕೆನ್ನೆಯಿಂದ ಜಾರಿದ ದುಪಟ್ಟಾವನ್ನು
ಮತ್ತೆ ಎಳೆದುಕೊಳ್ಳಲಿಲ್ಲ.

ಮೊದಲ ತಿಂಗಳು ಇನ್ನೂ ಹೆಚ್ಚಾಯಿತು.
ಸಿಪ್ಪೆ ಎದ್ದಿತು. ಒಂದು ರಾತ್ರಿ
ಟ್ಯೂಬನ್ನು ಅಂಗಳಕ್ಕೆ ಎಸೆದಳು.
ಟಾರ್ಚ್ ಹಿಡಿದು ಹುಡುಕಿ, ಮರಳು ಒರೆಸಿ
ಅವಳ ಗಣಿತದ ಪುಸ್ತಕದ ಮೇಲಿಟ್ಟೆ.
ಇಬ್ಬರೂ ಮಾತಾಡಲಿಲ್ಲ.

ಈಗ ಏಪ್ರಿಲ್.
ಕನ್ನಡಿ ಮೊಳೆಗೆ ಮರಳಿದೆ, ಸ್ವಲ್ಪ ವಾರೆ.
ಎಡಗೆನ್ನೆಯಲ್ಲಿ ಕಂದು ಚುಕ್ಕಿ ಒಂಬತ್ತು;
ನಾನು ಎಣಿಸಿದ್ದಲ್ಲ, ಅವಳೇ ಹೇಳಿದ್ದು.
ಇವತ್ತು ಹಲಗೆ ಹೆಗಲಿಗಿಟ್ಟು ಹೊರಟವನನ್ನು
ಹೊಸಿಲಲ್ಲಿ ತಡೆದು
ನಿನ್ನ ಮೂಗು ನೋಡು, ಸುಟ್ಟ ಗೇರುಬೀಜ, ಎಂದು
ತನ್ನ ಬಿಸಿಲ ಕ್ರೀಮನ್ನು ಎರಡು ಬೆರಳುದ್ದ ಬಳಿದಳು.

ಬದುವಿನ ಮೇಲಿಂದ ಬೀರಣ್ಣ ಕೂಗಿದ:
ಇವತ್ತು ಯಾವ ಮೇಳವೋ ಬೊಮ್ಮಯ್ಯಾ?
ಒರೆಸಿಕೊಳ್ಳಲಿಲ್ಲ.
ಬೆವರಿನ ಜೊತೆ ಕಣ್ಣಿಗಿಳಿಯಿತು, ಉರಿಯಿತು,
ಆದರೂ.